ಭೂತಾನ್‌ಗೆ ಮೊದಲ ಸಲ ಹೋಗುವವರಿಗೆ: ಅಮ್ಮನ ಜೊತೆ ಏಳು ರಾತ್ರಿ ಇದ್ದು ಬಂದೆ, ಕೇಳಿ

ಸುಮಾ ತುಮಕೂರು

ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಭೂತಾನ್‌ಗೆ ಹೋಗಿಬಂದೆ. ಅಮ್ಮನಿಗೆ 64. ಹೋಗುವ ಮುಂಚೆ ಕನ್ನಡದಲ್ಲಿ ಹುಡುಕಿದಾಗ ಸಿಕ್ಕಿದ್ದು ಬಹಳ ಕಡಿಮೆ. ಅದಕ್ಕೇ ನೆನಪು ಹಸಿಯಾಗಿರುವಾಗಲೇ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಆ ದೇಶದ ಅಳತೆ. ಸುಮಾರು 38 ಸಾವಿರ ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಐದರಲ್ಲಿ ಒಂದು ಪಾಲು. ಜನ ಎಂಟು ಲಕ್ಷವೂ ಇಲ್ಲ. ಚಿಕ್ಕ ದೇಶ ಅಲ್ವಾ, ನಾಲ್ಕು ದಿನದಲ್ಲಿ ಸುತ್ತಿ ಬರಬಹುದು ಅಂತ ಮ್ಯಾಪ್ ನೋಡಿದರೆ ಅನಿಸುತ್ತದೆ. ಆಗಲ್ಲ. ದಕ್ಷಿಣದ ಗಡಿ ಊರು 300 ಮೀಟರ್ ಎತ್ತರದಲ್ಲಿದೆ. ಉತ್ತರಕ್ಕೆ ಹೋದರೆ 7,000 ಮೀಟರ್ ದಾಟಿದ ಹಿಮದ ಶಿಖರಗಳು. ನಡುವೆ ಇರುವುದೆಲ್ಲ ಕಣಿವೆ, ನದಿ, ಮತ್ತೆ ಘಾಟಿ. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ 1,930 ಮೀಟರ್. ಭೂತಾನ್ ರಾಜಧಾನಿ ಥಿಂಫು ಊರೇ ಅದಕ್ಕಿಂತ ಸುಮಾರು 400 ಮೀಟರ್ ಮೇಲಿದೆ.

ನಾವು ವಿಮಾನದಲ್ಲಿ ಬಾಗ್ಡೋಗ್ರಾಗೆ ಹೋಗಿ, ಅಲ್ಲಿಂದ ಕಾರಿನಲ್ಲಿ ಜೈಗಾಂವ್ ತಲುಪಿದೆವು. ಟೀ ತೋಟಗಳ ನಡುವೆ ನಾಲ್ಕು ಗಂಟೆಗೂ ಜಾಸ್ತಿ ದಾರಿ. ಜೈಗಾಂವ್ ನಮ್ಮ ಪಶ್ಚಿಮ ಬಂಗಾಳದ ಊರು. ಆಚೆ ಬದಿ ಫುಂಟ್ಶೋಲಿಂಗ್, ಭೂತಾನ್. ಮಧ್ಯೆ ಬಣ್ಣದ ಒಂದು ಹೆಬ್ಬಾಗಿಲು. ಈಚೆ ಆಟೋ, ಹಾರನ್, ನೂಕುನುಗ್ಗಲು. ಆಚೆ ಕಾಲಿಟ್ಟರೆ ಹಾರನ್ ಸದ್ದೇ ಇಲ್ಲ. ನಾವು ರಸ್ತೆ ದಾಟೋಕೆ ನಿಂತರೆ ಕಾರು ತಾನಾಗಿ ನಿಲ್ಲುತ್ತದೆ. ಅಮ್ಮ ಮೊದಲು ದಾಟಲೇ ಇಲ್ಲ. ಡ್ರೈವರ್ ಕೈಸನ್ನೆ ಮಾಡಿ ಕರೆದ ಮೇಲೆ ನನ್ನ ಕೈ ಹಿಡಿದುಕೊಂಡು ದಾಟಿದರು.

ನಮಗೆ ವೀಸಾ ಬೇಡ. ಆದರೆ ಪ್ರವೇಶದ ಪರ್ಮಿಟ್ ಬೇಕು. ಅದಕ್ಕೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು. ಆಧಾರ್ ನಡೆಯುವುದಿಲ್ಲ. ನಮ್ಮ ಮುಂದೆಯೇ ಒಂದು ಕುಟುಂಬ ಆಧಾರ್ ಮಾತ್ರ ತಂದು ಗಡಿಯಲ್ಲಿ ಕಂಗಾಲಾಗಿ ನಿಂತಿತ್ತು. ನೋಡಿ ಹೊಟ್ಟೆ ಚುರ್ ಅಂದಿತು. ಹಾಗೇ, ಜೈಗಾಂವ್‌ನಲ್ಲಿ ಒಬ್ಬ ಏಜೆಂಟ್ ಪರ್ಮಿಟ್ ಮಾಡಿಸಿಕೊಡ್ತೀನಿ ಅಂತ ನಮ್ಮಿಂದ ತಲೆಗೆ ಸಾವಿರ ರೂಪಾಯಿ ಜಾಸ್ತಿ ತಗೊಂಡ. ಆಮೇಲೆ ನೋಡಿದರೆ ಅರ್ಜಿ ನಾವೇ ಮನೆಯಿಂದ ಆನ್‌ಲೈನ್‌ನಲ್ಲಿ ಹಾಕಬಹುದಿತ್ತು. ನೀವು ಹಾಗೇ ಮಾಡಿ.

ಇನ್ನು ಎಲ್ಲರೂ ಕೇಳುವ ವಿಷಯ, ದುಡ್ಡು. ಭಾರತೀಯರಿಗೆ ಒಬ್ಬರಿಗೆ ಒಂದು ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಇದೆ. ಬೇರೆ ಹೆಚ್ಚಿನ ದೇಶದವರಿಗೆ 100 ಡಾಲರ್. ಹೋಟೆಲ್, ಊಟ, ಕಾರು, ಗೈಡ್ ಇದರ ಮೇಲೆ ಬೇರೆ. ಫುಂಟ್ಶೋಲಿಂಗ್ ಒಂದನ್ನೇ ನೋಡಿ ಅದೇ ದಿನ ವಾಪಸ್ ಬರುವವರಿಗೆ ಈ ಶುಲ್ಕ ಇಲ್ಲ.

ನಾವು ನೋಡಿದ್ದು ಮೂರೇ ಊರು. ಥಿಂಫು ಎರಡು ರಾತ್ರಿ, ಪುನಾಖಾ ಎರಡು, ಪಾರೋ ಮೂರು. ಇದನ್ನು ಒತ್ತಿ ಹೇಳಬೇಕು ಅಂತಲೇ ಬರೆಯೋಕೆ ಶುರುಮಾಡಿದ್ದು. ಐದು ರಾತ್ರಿಗೆ ಆರು ಊರು ತುರುಕಿದ ಪ್ಯಾಕೇಜ್‌ಗಳು ಬೇಕಾದಷ್ಟಿವೆ. ಅದರಲ್ಲಿ ಹೋದರೆ ಕಾರಿನ ಕಿಟಕಿ ಬಿಟ್ಟು ಬೇರೇನೂ ನೆನಪಿರಲ್ಲ. ಕಡಿಮೆ ಊರು ಇಟ್ಟುಕೊಳ್ಳಿ. ಒಂದೊಂದು ಊರಿನಲ್ಲೂ ಏನೂ ಗೊತ್ತುಮಾಡದ ಒಂದು ಮಧ್ಯಾಹ್ನ ಬಿಟ್ಟುಕೊಳ್ಳಿ.

ಅಂಥದೇ ಒಂದು ಮಧ್ಯಾಹ್ನ ಪಾರೋದಲ್ಲಿ ನಡೆದುಕೊಂಡು ಹೋಗುತ್ತಿದ್ದಾಗ ಬಿಲ್ಲುಗಾರಿಕೆ ನೋಡಿದೆವು. ಅದು ಅವರ ರಾಷ್ಟ್ರೀಯ ಆಟ. ಗುರಿ 140 ಮೀಟರ್ ಆಚೆ. ಗುರಿ ಅಂದರೆ ನೆಲಕ್ಕೆ ನೆಟ್ಟ ಮರದ ಹಲಗೆ, ಅಗಲ ಒಂದು ಮೊಳವೂ ಇಲ್ಲ. ನಮಗೆ ಬಾಣ ಹೋಗಿದ್ದೂ ಕಾಣಲಿಲ್ಲ. ಟಕ್ ಅಂತ ಒಂದು ಸದ್ದು ಬಂತು. ತಕ್ಷಣ ಆ ತಂಡದವರೆಲ್ಲ ಘೋ, ಅಂದರೆ ಅಲ್ಲಿನ ಗಂಡಸರ ಮಂಡಿಯುದ್ದದ ನಿಲುವಂಗಿ, ತೊಟ್ಟುಕೊಂಡೇ ಸಾಲಾಗಿ ನಿಂತು ಹಾಡುತ್ತಾ ನಿಧಾನಕ್ಕೆ ಹೆಜ್ಜೆ ಹಾಕಿದರು. ಒಬ್ಬರು ಅಜ್ಜ ಅಮ್ಮನಿಗೆ ಕೂರಲು ಜಾಗ ಬಿಟ್ಟುಕೊಟ್ಟರು. ಎರಡು ಗಂಟೆ ಅಲ್ಲೇ ಕೂತಿದ್ದೆವು. ಊರಿಗೆ ಬಂದ ಮೇಲೆ ಅಮ್ಮ ಎಲ್ಲರಿಗೂ ಮೊದಲು ಹೇಳಿದ್ದು ಇದನ್ನೇ.

---

ಶೈಲಾ ಮೈಸೂರು

ಸುಮಾ ಅವರೇ, ತುಂಬಾ ಉಪಕಾರವಾಯಿತು. ದಸರಾ ರಜೆಯಲ್ಲಿ ನಾನು, ನಮ್ಮನೆಯವರು, ಅತ್ತೆ ಮತ್ತು ಎಂಟು ವರ್ಷದ ಮಗ ಹೋಗಬೇಕು ಅಂದುಕೊಂಡಿದ್ದೇವೆ. ಅತ್ತೆಗೆ 68, ಮಂಡಿನೋವು ಇದೆ. ನಾವು ಸಸ್ಯಾಹಾರಿಗಳು. ಅಕ್ಟೋಬರ್ ಒಳ್ಳೆಯ ಸಮಯವಾ? ಊಟಕ್ಕೆ ಕಷ್ಟ ಆಗುತ್ತಾ? ಅತ್ತೆಗೆ ಊಟ ಆದ ಮೇಲೆ ಎಲೆ ಅಡಿಕೆ ಬೇಕೇ ಬೇಕು, ಅದನ್ನು ಇಲ್ಲಿಂದಲೇ ಒಯ್ಯಬೇಕಾ? ಮತ್ತೆ ಆ ಬೆಟ್ಟದ ಮೇಲಿನ ಹುಲಿಗೂಡು ದೇವಸ್ಥಾನ, ಅದು ಅವರ ಕೈಲಿ ಆಗುತ್ತಾ?

---

ಸುಮಾ ತುಮಕೂರು

ಶೈಲಾ ಅವರೇ, ಅಕ್ಟೋಬರ್ ಅಂದರೆ ಬಹಳ ಒಳ್ಳೆಯದು. ಮಳೆ ಮುಗಿದು ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಜೂನ್‌ನಿಂದ ಆಗಸ್ಟ್ ತನಕ ಮಾತ್ರ ಬೇಡ, ರಸ್ತೆಗೆ ಗುಡ್ಡ ಕುಸಿಯುತ್ತದೆ. ಸ್ವೆಟರ್ ಇಟ್ಟುಕೊಳ್ಳಿ, ಸಂಜೆ ಆದರೆ ಚಳಿ.

ಮಗನಿಗೆ ಜನನ ಪ್ರಮಾಣಪತ್ರದ ಮೂಲ ಪ್ರತಿ ಅಥವಾ ಪಾಸ್‌ಪೋರ್ಟ್ ಬೇಕು. ಅವನ ವಯಸ್ಸಿಗೆ ಶುಲ್ಕ ಅರ್ಧ, 600. ನೀವು ಆರು ರಾತ್ರಿ ಇದ್ದರೆ ದೊಡ್ಡವರು ಮೂರು ಜನಕ್ಕೆ 21,600, ಮಗನಿಗೆ 3,600. ಒಟ್ಟು 25,200 ಶುಲ್ಕಕ್ಕೇ ಎತ್ತಿಡಿ.

ಅವರ ಹಣ ಙುಲ್ಟ್ರಮ್. ಅದಕ್ಕೂ ನಮ್ಮ ರೂಪಾಯಿಗೂ ಬೆಲೆ ಒಂದೇ. ನಮ್ಮ ನೋಟು ಎಲ್ಲ ಕಡೆ ತಗೋತಾರೆ. ಆದರೆ ವಾಪಸ್ ಕೊಡುವ ಚಿಲ್ಲರೆ ಅವರದ್ದು, ಅದು ಜೈಗಾಂವ್ ದಾಟಿದರೆ ನಡೆಯಲ್ಲ. ಅಲ್ಲೇ ಖರ್ಚು ಮಾಡಿ. ಭೀಮ್ ಯುಪಿಐ 2021ರಿಂದ ಅಲ್ಲಿ ಇದೆ. ಆದರೂ ನಗದು ಕೈಯಲ್ಲಿರಲಿ. ಗಡಿಯಾರ ಅರ್ಧ ಗಂಟೆ ಮುಂದೆ ತಿರುಗಿಸಿಕೊಳ್ಳಿ.

ಊಟದ ಬಗ್ಗೆ ಹೆದರಬೇಡಿ. ದಿನದ ಊಟ ಅಂದರೆ ಕೆಂಪಕ್ಕಿ ಅನ್ನ ಮತ್ತು ಎಮಾ ದಾತ್ಶಿ. ಎಮಾ ಅಂದರೆ ಮೆಣಸಿನಕಾಯಿ, ದಾತ್ಶಿ ಅಂದರೆ ಚೀಸ್. ಅಲ್ಲಿ ಮೆಣಸಿನಕಾಯಿ ಖಾರಕ್ಕೆ ಹಾಕುವ ಸಾಮಾನಲ್ಲ, ಅದೇ ತರಕಾರಿ. ಉದ್ದಕ್ಕೆ ಸೀಳಿ, ಚೀಸ್ ಜೊತೆ ಬೇಯಿಸಿ, ಸಾರಿನ ಹಾಗೆ ಅನ್ನಕ್ಕೆ ಹಾಕಿಕೊಳ್ಳುತ್ತಾರೆ. ಖಾರ ಜಾಸ್ತಿ ಅನಿಸಿದರೆ ಆಲೂಗಡ್ಡೆಯ ಕೇವಾ ದಾತ್ಶಿ, ಅಣಬೆಯ ಶಾಮು ದಾತ್ಶಿ ಇವೆ. ಮಗನಿಗೆ ಕೇವಾ ದಾತ್ಶಿ ಹೇಳಿ. ಸೂಜಾ ಅಂತ ಬೆಣ್ಣೆ, ಉಪ್ಪು ಹಾಕಿದ ಚಹಾ ಕೊಡುತ್ತಾರೆ. ಚಹಾ ಅಂದುಕೊಂಡು ಕುಡಿದರೆ ಇಷ್ಟ ಆಗಲ್ಲ. ತೆಳ್ಳನೆ ಸೂಪ್ ಅಂದುಕೊಂಡು ಕುಡಿಯಿರಿ, ಚಳಿಗೆ ಹಿತ.

ಹುಲಿಗೂಡು, ಅಂದರೆ ಪಾರೋ ತಕ್ತ್ಸಾಂಗ್. ಅದು 3,120 ಮೀಟರ್ ಎತ್ತರದಲ್ಲಿ ಬಂಡೆಗೆ ಅಂಟಿಕೊಂಡ ಹಾಗಿದೆ. ವಾಹನ ಹೋಗುವುದು 2,600 ಮೀಟರ್ ತನಕ. ಆಮೇಲೆ ನಡಿಗೆಯೇ. ಹತ್ತೋಕೆ ಎರಡೂವರೆ ಮೂರು ಗಂಟೆ. ಅರ್ಧ ದಾರಿಯಲ್ಲಿ ಒಂದು ಕೆಫೆಟೇರಿಯಾ ಇದೆ, ಅಲ್ಲಿಯ ತನಕ ಕುದುರೆ ಸಿಗುತ್ತದೆ. ಅಮ್ಮ ಅಲ್ಲಿಯ ತನಕ ಬಂದು ಕೂತರು. ಅಲ್ಲಿಂದಲೇ ಎದುರು ಬಂಡೆಯ ಮೇಲೆ ದೇವಸ್ಥಾನ ಪೂರ್ತಿ ಕಾಣುತ್ತದೆ. ಆಮೇಲಿನ ದಾರಿ ಕೇಳಿಕೊಳ್ಳಿ. ಕೊನೆಯಲ್ಲಿ ದೇವಸ್ಥಾನ ಕೈಗೆ ಸಿಗುವ ಹಾಗೆ ಎದುರಿಗೇ ಕಾಣುತ್ತದೆ, ಆದರೆ ನಡುವೆ ಒಂದು ಕಂದರ. ನೂರಾರು ಮೆಟ್ಟಿಲು ಇಳಿದು, ಜಲಪಾತದ ಪಕ್ಕದ ಸೇತುವೆ ದಾಟಿ, ಮತ್ತೆ ಅಷ್ಟೇ ಹತ್ತಬೇಕು. ಬರುವಾಗಲೂ ಅದೇ. ಮಂಡಿನೋವು ಇರುವವರಿಗೆ ಆ ಮೆಟ್ಟಿಲೇ ಕಷ್ಟ.

ಒಳಗೆ ಫೋನ್, ಕ್ಯಾಮೆರಾ ಬಿಡುವುದಿಲ್ಲ, ಬಾಗಿಲಲ್ಲೇ ಇಟ್ಟು ಹೋಗಬೇಕು. ಕೈ ಖಾಲಿ ಇದ್ದದ್ದರಿಂದಲೋ ಏನೋ, ಒಳಗಿನ ತುಪ್ಪದ ದೀಪಗಳ ವಾಸನೆ, ಕಾಲಿಗೆ ತಣ್ಣಗೆ ತಾಗಿದ ಹಲಗೆ ಎಲ್ಲ ಇನ್ನೂ ನೆನಪಿದೆ.

ಎಲೆ ಅಡಿಕೆ ಬಗ್ಗೆ ಯಾರಾದರೂ ಗೊತ್ತಿದ್ದವರು ಹೇಳಿ. ಅಲ್ಲಿ ತಿನ್ನುವುದಂತೂ ನೋಡಿದ್ದೇನೆ.

---

ಡಾಕ್ಟರಮ್ಮ

ಸಣ್ಣ ಮಾತು. ಅತ್ತೆಯವರಿಗೆ ಬಿಪಿ, ಹೃದಯದ ತೊಂದರೆ ಏನಾದರೂ ಇದ್ದರೆ ಹೊರಡುವ ಮುಂಚೆ ಅವರ ಡಾಕ್ಟರ್ ಹತ್ತಿರ ಮಾತಾಡಿ. ಪಾರೋ, ಥಿಂಫು 2,200ರಿಂದ 2,300 ಮೀಟರ್ ಆಸುಪಾಸು. ಹೆಚ್ಚಿನವರಿಗೆ ಅಲ್ಲಿ ತೊಂದರೆ ಆಗುವುದಿಲ್ಲ. ಆದರೂ ಗಡಿಯಿಂದ ಒಂದೇ ದಿನದಲ್ಲಿ ಎರಡು ಸಾವಿರ ಮೀಟರ್ ಏರುತ್ತೀರಿ. ಮೊದಲ ದಿನ ಏನೂ ಇಟ್ಟುಕೊಳ್ಳಬೇಡಿ. ನೀರು ಚೆನ್ನಾಗಿ ಕುಡಿಯಿರಿ. ತಕ್ತ್ಸಾಂಗ್ ಪ್ರವಾಸದ ಕೊನೆಗಿರಲಿ, ಅಷ್ಟರಲ್ಲಿ ಮೈ ಒಗ್ಗಿರುತ್ತದೆ. ತಲೆನೋವು, ವಾಂತಿ, ನಡೆಯುವಾಗ ತೂರಾಡುವುದು ಶುರುವಾದರೆ ಕಾಯಬೇಡಿ, ಕೆಳಗಿಳಿಯಿರಿ. ಘಾಟಿಯಲ್ಲಿ ಮಗುವಿಗೆ ವಾಂತಿ ಆಗುವ ಅಭ್ಯಾಸ ಇದ್ದರೆ ಮಾತ್ರೆ ಇಲ್ಲಿಂದಲೇ ಒಯ್ಯಿರಿ.

---

ಬೈಕ್ ಪ್ರಯಾಣಿಕ

ನಾನು 2017ರಲ್ಲಿ ಇಬ್ಬರು ಗೆಳೆಯರ ಜೊತೆ ಬೈಕಿನಲ್ಲಿ ಹೋಗಿದ್ದೆ. ಆಗ ನಮ್ಮವರಿಗೆ ಈ ಶುಲ್ಕ ಇರಲಿಲ್ಲ. ಹನ್ನೊಂದು ರಾತ್ರಿ ಇದ್ದೆವು. ಬುಮ್ತಾಂಗ್ ತನಕ ಹೋದೆವು. ಸಿಕ್ಕಲ್ಲಿ ಮಲಗಿ, ಸಿಕ್ಕಿದ್ದು ತಿಂದು, ಬಹಳ ಕಡಿಮೆ ದುಡ್ಡಿನಲ್ಲಿ ಮುಗಿಸಿದೆವು. ಅದೇ ಹನ್ನೊಂದು ರಾತ್ರಿಗೆ ಇವತ್ತು ತಲೆಗೆ ಶುಲ್ಕವೇ ಹದಿಮೂರು ಸಾವಿರ ದಾಟುತ್ತದೆ.

ಸುಮಾ ಅವರೇ, ನಿಧಾನಕ್ಕೆ ನೋಡಿ ಅಂತೀರಿ. ಸರಿ. ಆದರೆ ಒಂದೊಂದು ರಾತ್ರಿಗೂ ಮೀಟರ್ ಓಡುತ್ತಿದ್ದರೆ ದುಡ್ಡಿಲ್ಲದವನು ನಿಧಾನಕ್ಕೆ ನೋಡುವುದು ಹೇಗೆ? ಈ ನಿಯಮದಿಂದಲೇ ಜನ ನಾಲ್ಕು ದಿನಕ್ಕೆ ಓಡೋಡಿ ಬರುತ್ತಾರೆ ಅಂತ ನನಗನಿಸುತ್ತದೆ. ನಿಜವಾಗಿ ಬೇಜಾರಾಗಿ ಕೇಳುತ್ತಿದ್ದೇನೆ. ಬೆಟ್ಟ ನೋಡೋಕೆ ಆಸೆ ಇರುವ ಹುಡುಗರು ನಮ್ಮ ಕಡೆ ಬಹಳ ಇದ್ದಾರೆ, ಅವರ ಹತ್ತಿರ ಅಷ್ಟು ದುಡ್ಡಿಲ್ಲ.

---

ಹಳೇ ಮೇಷ್ಟ್ರು

ನಾನು ಭೂತಾನ್‌ನಲ್ಲಿ ಮೇಷ್ಟ್ರಾಗಿದ್ದವನು. 1988ರಿಂದ ಏಳು ವರ್ಷ, ಟ್ರಾಂಗ್ಸಾ ಕಡೆಯ ಒಂದು ಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ. ಆಗ ಭಾರತದಿಂದ ಬಂದ ಮೇಷ್ಟ್ರುಗಳು ಅಲ್ಲಿ ಬಹಳ ಜನ ಇದ್ದರು, ಅದರಲ್ಲೂ ಕೇರಳದವರು. ಪಾಠ ಎಲ್ಲ ಇಂಗ್ಲಿಷಿನಲ್ಲಿ. ಮಕ್ಕಳು "ಸರ್ ಲಾ" ಅಂತ ಕರೆಯುತ್ತಿದ್ದರು. ಆ "ಲಾ" ಗೌರವಕ್ಕೆ ಸೇರಿಸುವ ಮಾತು, ನಮ್ಮ "ರೀ" ಇದ್ದ ಹಾಗೆ. ಯಾರಾದರೂ ಎದುರಾದರೆ "ಕುಜುಜಾಂಗ್‌ಪೋ ಲಾ" ಅನ್ನಿ. ಉಪಕಾರವಾದರೆ "ಕಾದ್ರಿನ್‌ಚೆ ಲಾ". ಇವೆರಡು ಮಾತು ಬಂದರೆ ಸಾಕು, ಮುಖ ಅರಳುತ್ತದೆ. ಹಿಂದಿಯೂ ಹೆಚ್ಚಿನವರಿಗೆ ಬರುತ್ತದೆ.

ಬೈಕ್ ಪ್ರಯಾಣಿಕರ ಮಾತಿಗೆ ನನ್ನ ಉತ್ತರ ಸ್ವಲ್ಪ ಉದ್ದ. ಬೇಸರ ಮಾಡಿಕೊಳ್ಳಬೇಡಿ.

ಆ ದೇಶಕ್ಕೆ ಹೊರಗಿನವರು ಬರಲು ಶುರುವಾಗಿ ಬಹಳ ವರ್ಷವೇನೂ ಆಗಿಲ್ಲ. 1958ರಲ್ಲಿ ನೆಹರೂ ಪಾರೋಗೆ ಹೋದಾಗ ಮೋಟಾರು ರಸ್ತೆ ಇರಲಿಲ್ಲ, ಕುದುರೆಯ ಮೇಲೆ, ನಡೆದು ಹೋದರು. 1961ರಲ್ಲಿ ನಮ್ಮ ಗಡಿ ರಸ್ತೆ ಸಂಸ್ಥೆಯ ದಂತಕ್ ಯೋಜನೆ ಶುರುವಾಯಿತು. ಫುಂಟ್ಶೋಲಿಂಗ್‌ನಿಂದ ಥಿಂಫುವಿಗೆ ರಸ್ತೆ ಬಂದದ್ದು ಅವರಿಂದ. ಆ ದಾರಿಯಲ್ಲಿ ತಕ್ತಿ ಅನ್ನುವಲ್ಲಿ ದಂತಕ್ ಕ್ಯಾಂಟೀನ್ ಇದೆ, ಮಸಾಲೆ ದೋಸೆ ಸಿಗುತ್ತದೆ. ಶೈಲಮ್ಮ, ನಿಮ್ಮ ಅತ್ತೆಯವರಿಗೆ ಅಲ್ಲಿ ತಿಂಡಿ ಕೊಡಿಸಿ. ಟಿವಿ, ಇಂಟರ್ನೆಟ್ ಬಂದದ್ದು 1999ರಲ್ಲಿ. ನಾನು ಅಲ್ಲಿದ್ದಷ್ಟು ದಿನ ಊರಲ್ಲಿ ಟಿವಿ ಇರಲಿಲ್ಲ. ಸಂಜೆ ಆದರೆ ಒಲೆ ಸುತ್ತ ಕೂತು ಮಾತಾಡುವುದೇ.

2019ರಲ್ಲಿ ಮೂರು ಲಕ್ಷಕ್ಕೂ ಜಾಸ್ತಿ ಪ್ರವಾಸಿಗಳು ಬಂದರು. ಬಹುಪಾಲು ನಮ್ಮವರೇ. ಎಂಟು ಲಕ್ಷ ಜನ ಇಲ್ಲದ ದೇಶಕ್ಕೆ ಮೂರು ಲಕ್ಷ ಅತಿಥಿಗಳು! ಅದೇ ವರ್ಷ ಥಿಂಫು, ಪುನಾಖಾ ನಡುವಿನ ದೋಚುಲಾ ಘಾಟಿಯಲ್ಲಿ ಭಾರತದ ಒಬ್ಬ ಬೈಕ್ ಸವಾರ ಏಣಿ ಹಾಕಿ ಚೋರ್ಟೆನ್ ಮೇಲೆ ಹತ್ತಿ ಫೋಟೋ ತೆಗೆಸಿಕೊಂಡ. ಚೋರ್ಟೆನ್ ಅಂದರೆ ಸ್ತೂಪ, ಅವರಿಗೆ ದೇವರ ಸಮಾನ. ದೋಚುಲಾದ 108 ಚೋರ್ಟೆನ್‌ಗಳನ್ನು ಕಟ್ಟಿಸಿದ್ದು ಏಕೆ ಗೊತ್ತಾ? ಭಾರತದ ಬಂಡುಕೋರರು ಭೂತಾನ್ ಕಾಡಿನಲ್ಲಿ ಅಡಗಿದ್ದರು. 2003ರ ಡಿಸೆಂಬರ್‌ನಲ್ಲಿ ಭೂತಾನ್ ಸೇನೆ ಅವರನ್ನು ಓಡಿಸಿತು. ಆ ಕಾರ್ಯಾಚರಣೆಯಲ್ಲಿ ಸತ್ತ ಸೈನಿಕರ ನೆನಪಿಗೆ ಅವನ್ನು ರಾಣಿಯವರು ಕಟ್ಟಿಸಿದ್ದು. ನಮ್ಮ ದೇಶಕ್ಕೂ ಸೇರಿಯೇ ಸತ್ತವರು ಅವರು. ಅದರ ಮೇಲೆ ಹತ್ತಿ ನಿಂತರೆ ಆ ಜನಕ್ಕೆ ಹೇಗಾಗಬೇಡ? 2020ರಲ್ಲಿ ನಮ್ಮವರಿಗೂ ಶುಲ್ಕದ ಕಾನೂನು ಬಂತು. ಕೊರೋನಾ ಮುಗಿದು ಸೆಪ್ಟೆಂಬರ್ 2022ರಲ್ಲಿ ಬಾಗಿಲು ತೆರೆದಾಗ ಜಾರಿಯಾಯಿತು.

ಹುಡುಗರಿಗೆ ಕಷ್ಟ ಅನ್ನುವುದು ನಿಜ. ನಾನು ಅದನ್ನು ಒಪ್ಪುತ್ತೇನೆ. ಆದರೆ ಬರುವವರನ್ನು ಎಣಿಸಿ ಬಿಟ್ಟುಕೊಳ್ಳುವ ಹಕ್ಕು ಮನೆಯವರಿಗೆ ಇರಬೇಕು.

ಇನ್ನೊಂದು ಮಾತೂ ಹೇಳಬೇಕು, ಬಿಟ್ಟರೆ ತಪ್ಪಾಗುತ್ತದೆ. "ಸಂತೋಷದ ದೇಶ" ಅಂತ ಎಲ್ಲರೂ ಬರೆಯುತ್ತಾರೆ. ಒಟ್ಟು ರಾಷ್ಟ್ರೀಯ ಸಂತೋಷ ಅನ್ನುವ ಮಾತು ನಾಲ್ಕನೇ ರಾಜ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರದು. ಆ ರಾಜರೇ ಮುಂದೆ ನಿಂತು ಅಧಿಕಾರ ಬಿಟ್ಟುಕೊಟ್ಟರು, 2008ರಲ್ಲಿ ಚುನಾವಣೆ ನಡೆಯಿತು. ಶೇಕಡಾ 60 ಕಾಡು ಸದಾ ಉಳಿಯಲೇಬೇಕು ಅಂತ ಸಂವಿಧಾನದಲ್ಲೇ ಬರೆದಿದ್ದಾರೆ. ಇದೆಲ್ಲ ದೊಡ್ಡ ಮಾತು. ಆದರೆ ನಾನಿದ್ದ ಕಾಲದಲ್ಲೇ, 1990ರ ಸುಮಾರಿಗೆ, ದಕ್ಷಿಣದ ನೇಪಾಳಿ ಮಾತಾಡುವ ಲ್ಹೋತ್ಸಾಂಪಾ ಜನ ಲಕ್ಷದಷ್ಟು ಮಂದಿ ದೇಶ ಬಿಟ್ಟು ಹೋಗಬೇಕಾಯಿತು. ವರ್ಷಗಟ್ಟಲೆ ನೇಪಾಳದ ಶಿಬಿರಗಳಲ್ಲಿದ್ದರು. ಆಮೇಲೆ ಹೆಚ್ಚಿನವರು ಅಮೆರಿಕ ಸೇರಿದರು. ಒಂದು ವಾರ ನನ್ನ ಕ್ಲಾಸಿನಲ್ಲಿ ಎರಡು ಬೆಂಚು ಖಾಲಿಯಾಯಿತು. ಯಾರೂ ಏನೂ ಹೇಳಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಹೆಸರುಗಳನ್ನು ಎಷ್ಟೋ ದಿನ ಕರೆಯುತ್ತಲೇ ಇದ್ದೆ. ನಾನು ಆ ದೇಶವನ್ನು ಪ್ರೀತಿಸುತ್ತೇನೆ, ಅದಕ್ಕೇ ಇದನ್ನೂ ಹೇಳುತ್ತೇನೆ.

---

ಕುಶಾಲನಗರ ಹುಡುಗ

ಮೇಷ್ಟ್ರೇ, ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಹೋಗುವ ಮುಂಚೆ ಒಂದು ಸಲ ನಮ್ಮ ಬೈಲಕುಪ್ಪೆಗೆ ಬನ್ನಿ ಅಂತ ಎಲ್ಲರಿಗೂ ಹೇಳುತ್ತೇನೆ. ನಾಮ್‌ಡ್ರೋಲಿಂಗ್ ಮಠದಲ್ಲಿ ಮೂರು ದೊಡ್ಡ ಚಿನ್ನದ ಬಣ್ಣದ ಮೂರ್ತಿಗಳಿವೆ ಅಲ್ವಾ? ಅದರಲ್ಲಿ ಸಣ್ಣ ಮೀಸೆ ಇರುವವರು ಪದ್ಮಸಂಭವ. ಭೂತಾನ್‌ನವರು ಅವರನ್ನು ಗುರು ರಿಂಪೋಚೆ ಅಂತಾರೆ. ಅವರು ಎಂಟನೇ ಶತಮಾನದಲ್ಲಿ ಹೆಣ್ಣು ಹುಲಿಯ ಬೆನ್ನ ಮೇಲೆ ಹಾರಿಬಂದು ತಕ್ತ್ಸಾಂಗ್ ಗುಹೆಯಲ್ಲಿ ಧ್ಯಾನ ಮಾಡಿದರು ಅಂತ ಕತೆ. ದೇವಸ್ಥಾನ ಕಟ್ಟಿದ್ದು 1692ರಲ್ಲಿ. 1998ರಲ್ಲಿ ಬೆಂಕಿಗೆ ಸುಟ್ಟುಹೋಗಿ ಮತ್ತೆ ಕಟ್ಟಿದರು. ನಾಮ್‌ಡ್ರೋಲಿಂಗ್‌ನಲ್ಲಿ ಓದುವ ಭಿಕ್ಷುಗಳಲ್ಲಿ ಭೂತಾನ್‌ನವರೂ ಇದ್ದಾರೆ. ನಾನು ಮೊದಲು ಮಠದ ದೊಡ್ಡ ಪ್ರಾರ್ಥನೆಯ ಗಾಲಿ ತಿರುಗಿಸೋದು, ಪ್ರದಕ್ಷಿಣೆ ಹಾಕೋದು ಕಲಿತದ್ದು ಅವರನ್ನು ನೋಡಿಯೇ. ನಮ್ಮ ಗುಡಿಯ ಹಾಗೇ, ಬಲಕ್ಕೆ ದೇವರು ಇರುವಂತೆ ಸುತ್ತಬೇಕು. ಅಲ್ಲೂ ಅಷ್ಟೇ.

ಭೂತಾನ್‌ನಲ್ಲಿ ಜೊಂಗ್, ಅಂದರೆ ಕೋಟೆಯಂಥ ಮಠದ ಒಳಗೆ ಹೋಗುವಾಗ ಟೋಪಿ ತೆಗೆಯಬೇಕು, ಪೂರ್ತಿ ತೋಳಿನ ಬಟ್ಟೆ ಹಾಕಿರಬೇಕು. ಶೈಲಕ್ಕ, ಮಗನಿಗೂ ಒಂದು ಪ್ಯಾಂಟ್ ಇಟ್ಟುಕೊಳ್ಳಿ, ಚಡ್ಡಿ ಬೇಡ.

---

ಕೊಪ್ಪದ ತೋಟ

ನಾನು ಪ್ರವಾಸ ಮಾಡುವವನಲ್ಲ, ಅಡಿಕೆ ಬೆಳೆಯುವವನು. ಭೂತಾನ್ ಹೆಸರು ನಮ್ಮೂರಿನಲ್ಲಿ ಮೊದಲು ಕೇಳಿಬಂದದ್ದು ಸೆಪ್ಟೆಂಬರ್ 2022ರಲ್ಲಿ. ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆ ಅಲ್ಲಿಂದ ತರಿಸಿಕೊಳ್ಳಲು ಕೇಂದ್ರ ಅನುಮತಿ ಕೊಟ್ಟಿತು, ಕನಿಷ್ಠ ಆಮದು ಬೆಲೆಯ ಷರತ್ತೂ ಇಲ್ಲದೆ. ಬರುವುದು ಇದೇ ಜೈಗಾಂವ್ ದಾರಿಯಲ್ಲಿ. ಆಗ ಇಲ್ಲಿ ಎಲೆಚುಕ್ಕಿ ರೋಗದಿಂದ ಸಸಿ ಸಮೇತ ತೋಟ ಒಣಗುತ್ತಿತ್ತು. ಜನ ಬಹಳ ಗಾಬರಿಯಾದರು. ಆ ಗಾಬರಿ ನನಗೂ ಇತ್ತು, ಈಗಲೂ ದರ ಇಳಿದಾಗ ಅದೇ ನೆನಪಾಗುತ್ತದೆ.

ಆದರೆ ಆ ಕಡೆ ಅಡಿಕೆ ಬೆಳೆಯುವವನೂ ನನ್ನ ಹಾಗೇ ಒಬ್ಬ ಬೆಳೆಗಾರ. ಅವರು ಅಡಿಕೆಯನ್ನು ಹೇಗೆ ತಿನ್ನುತ್ತಾರೆ, ಎಲ್ಲಿ ಬೆಳೆಯುತ್ತಾರೆ ಅಂತ ತಿಳಿಯುವ ಆಸೆ ಇದೆ. ಶೈಲಮ್ಮ, ಹೋದಾಗ ವಿಚಾರಿಸಿ ಬರೆಯುತ್ತೀರಾ? ಮೇಷ್ಟ್ರಿಗೆ ಗೊತ್ತಿದ್ದರೆ ಅವರೂ ಹೇಳಲಿ.

---

ಹಳೇ ಮೇಷ್ಟ್ರು

ಅಡಿಕೆಗೆ ಅಲ್ಲಿ ದೋಮಾ ಅಂತಾರೆ. ಎಲೆ, ಸುಣ್ಣ, ಅಡಿಕೆ, ಮೂರೇ. ಮನೆಗೆ ಯಾರೇ ಬಂದರೂ ಮೊದಲು ದೋಮಾ ಮುಂದಿಡುತ್ತಾರೆ. ನಮ್ಮಲ್ಲಿ ತಾಂಬೂಲ ಕೊಡುವ ಹಾಗೇ. ಗುರು ರಿಂಪೋಚೆ ಬರುವ ಮುಂಚೆ ಅಲ್ಲಿ ನರಭಕ್ಷಕರಿದ್ದರು, ಅವರಿಗೆ ಹೃದಯದ ಬದಲು ಅಡಿಕೆ, ನಾಲಿಗೆಯ ಬದಲು ಎಲೆ, ಮಿದುಳಿನ ಬದಲು ಸುಣ್ಣ ಕೊಟ್ಟು ಗುರುಗಳು ಅದನ್ನು ಬಿಡಿಸಿದರು ಅಂತ ನನ್ನ ವಿದ್ಯಾರ್ಥಿಯ ಅಜ್ಜಿ ಹೇಳುತ್ತಿದ್ದರು.

ವಾಸನೆ ಜೋರು. ಅವರು ಅಡಿಕೆಯನ್ನು ಒಣಗಿಸುವುದಿಲ್ಲ, ಸಿಪ್ಪೆ ಸಮೇತ ಹುಳಿಯಲು ಬಿಡುತ್ತಾರೆ. ನಮ್ಮ ನೀರಡಿಕೆ ತಿಂದ ಅಭ್ಯಾಸ ಇದ್ದವರಿಗೆ ತಕ್ಷಣ ಗುರುತು ಸಿಗುತ್ತದೆ. ತಿಂದರೆ ಕಿವಿ ಬಿಸಿಯಾಗಿ ಬೆವರುತ್ತದೆ, ಚಳಿಗೆ ಅದೇ ಬೇಕು. ಬೆಳೆಯುವುದು ಬೆಟ್ಟದ ಮೇಲಲ್ಲ, ದಕ್ಷಿಣದ ಬಿಸಿ ಜಿಲ್ಲೆಗಳಲ್ಲಿ. ಶೈಲಮ್ಮ, ನಿಮ್ಮ ಅತ್ತೆಯವರಿಗೆ ಅಲ್ಲಿ ಕೊರತೆ ಆಗುವುದಿಲ್ಲ. ಆದರೆ ಮೊದಲು ಸಣ್ಣ ಚೂರು ತಿನ್ನಲು ಹೇಳಿ.

---

ಬೈಕ್ ಪ್ರಯಾಣಿಕ

ಮೇಷ್ಟ್ರೇ, 108 ಚೋರ್ಟೆನ್‌ಗಳ ಮುಂದೆ ನಾವೂ ಫೋಟೋ ತೆಗೆಸಿಕೊಂಡಿದ್ದೆವು. ಅದು ಯಾರ ನೆನಪಿಗೆ ಅಂತ ಆಗ ಒಬ್ಬರಿಗೂ ಗೊತ್ತಿರಲಿಲ್ಲ. ಶುಲ್ಕದ ಬಗ್ಗೆ ನನ್ನ ಮಾತು ಪೂರ್ತಿ ಬದಲಾಗಿಲ್ಲ. ಆದರೆ ಮುಂದಿನ ಸಲ ನಾಲ್ಕು ರಾತ್ರಿಗಾದರೂ ದುಡ್ಡು ಕೂಡಿಸಿ ಹೋಗುತ್ತೇನೆ, ಫೋಬ್ಜಿಖಾ ಕಣಿವೆ ಒಂದಕ್ಕೇ. ಚಳಿಗಾಲದಲ್ಲಿ ಕಪ್ಪು ಕೊರಳಿನ ಕೊಕ್ಕರೆಗಳು ಟಿಬೆಟ್ ಕಡೆಯಿಂದ ಅಲ್ಲಿಗೆ ಬರುತ್ತವೆ. ಹಾರುವಾಗ ತಂತಿ ತಾಗಬಾರದು ಅಂತ ಆ ಕಣಿವೆಯಲ್ಲಿ ಕರೆಂಟ್ ಕೇಬಲ್ ನೆಲದೊಳಗೆ ಹಾಕಿದ್ದಾರೆ. 2017ರಲ್ಲಿ ನಾವು ಹೋದಾಗ ಮೇ ತಿಂಗಳು, ಹಕ್ಕಿ ಇರಲಿಲ್ಲ.

---

ಸುಮಾ ತುಮಕೂರು

ಪುನಾಖಾ ಬಗ್ಗೆ ಬರೆಯೋದು ಬಿಟ್ಟೇ ಹೋಗಿತ್ತು. ಶೈಲಾ ಅವರೇ, ಅದನ್ನು ಬಿಡಬೇಡಿ. ಫೋ ಚ್ಹು, ಮೋ ಚ್ಹು ಅಂತ ಎರಡು ನದಿ, ಗಂಡು ನದಿ ಹೆಣ್ಣು ನದಿ. ಅವು ಸೇರುವ ಜಾಗದಲ್ಲಿ ಜೊಂಗ್ ಇದೆ. ಜೊಂಗ್ ಅಂದರೆ ಕೋಟೆ, ಮಠ, ಜಿಲ್ಲಾ ಕಚೇರಿ ಮೂರೂ ಒಂದೇ ಕಟ್ಟಡದಲ್ಲಿ. 1637ರಲ್ಲಿ ಶಬ್ದ್ರುಂಗ್ ನವಾಂಗ್ ನಮ್ಗ್ಯಾಲ್ ಕಟ್ಟಲು ಶುರುಮಾಡಿದ್ದು. ಹರಿದು ಹಂಚಿಹೋಗಿದ್ದ ಕಣಿವೆಗಳನ್ನು ಸೇರಿಸಿ ಒಂದು ದೇಶ ಮಾಡಿದವರು ಅವರೇ. ಮೊದಲ ರಾಜನಿಗೆ 1907ರ ಡಿಸೆಂಬರ್ 17ರಂದು ಪಟ್ಟ ಕಟ್ಟಿದ್ದೂ ಇಲ್ಲೇ. ನಾವು ಹೋದಾಗ ಜಕರಾಂಡ ಹೂ ಬಿಟ್ಟು ಬಿಳಿ ಗೋಡೆಯ ಮುಂದೆ ನೇರಳೆ ಬಣ್ಣ ಸುರಿದ ಹಾಗಿತ್ತು. ಒಳಗಿನ ಮರದ ಕೆಲಸ ನೋಡಲು ಅಮ್ಮ ಒಂದೊಂದು ಕಂಬದ ಮುಂದೆಯೂ ನಿಂತರು. ಪುನಾಖಾ 1,200 ಮೀಟರ್, ಅಲ್ಲಿ ಬೆಚ್ಚಗೆ. ಅತ್ತೆಯವರಿಗೆ ಹಿತವಾಗುತ್ತದೆ.

ಪಾರೋದಲ್ಲಿ ಹೋಟೆಲ್ ಬದಲು ರೈತರ ಮನೆ ಸಿಕ್ಕರೆ ಅಲ್ಲೇ ಉಳಿಯಿರಿ. ಅಕ್ಟೋಬರ್ ಅಂದರೆ ಭತ್ತದ ಕೊಯ್ಲು.

---

ಶೈಲಾ ಮೈಸೂರು (ಎರಡು ತಿಂಗಳ ನಂತರ)

ಹೋಗಿಬಂದೆವು. ಮೊದಲು ಎಲ್ಲರಿಗೂ ಕಾದ್ರಿನ್‌ಚೆ ಲಾ.

ದಾಖಲೆ ಎಲ್ಲ ಮೊದಲೇ ಹಾಕಿದ್ದರಿಂದ ಗಡಿಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಯಿತು. ಥಿಂಫು ದಾರಿಯಲ್ಲಿ ತಕ್ತಿಯಲ್ಲಿ ದೋಸೆ ತಿಂದೆವು. ಥಿಂಫುವಿನಲ್ಲಿ ಟ್ರಾಫಿಕ್ ಲೈಟ್ ಇಲ್ಲ, ಪೊಲೀಸರು ಬಿಳಿ ಗ್ಲೌಸ್ ಹಾಕಿ ಕೈಯಲ್ಲೇ ನಡೆಸುತ್ತಾರೆ. ಮಗ ಅದನ್ನು ಮನೆಗೆ ಬಂದ ಮೇಲೂ ಮಾಡಿ ತೋರಿಸುತ್ತಿದ್ದಾನೆ. ದೋಚುಲಾದಲ್ಲಿ ಮಂಜು, ಹಿಮಶಿಖರ ಕಾಣಲಿಲ್ಲ. ಮೇಷ್ಟ್ರು ಹೇಳಿದ್ದನ್ನು ಮಗನಿಗೆ ಹೇಳಿ, 108 ಚೋರ್ಟೆನ್ ಎಣಿಸುತ್ತಾ ಬಲಕ್ಕೆ ಸುತ್ತಿ ಬಂದೆವು.

ಪಾರೋದಲ್ಲಿ ರೈತರ ಮನೆಯಲ್ಲಿ ಮೂರು ರಾತ್ರಿ ಇದ್ದೆವು. ಚಾವಣಿ ಪೂರ್ತಿ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ತಕ್ತ್ಸಾಂಗ್ ಹತ್ತುವ ದಿನ ಅತ್ತೆ ತಾವೇ, "ನಾನು ಬರಲ್ಲ, ನೀವು ಹೋಗಿಬನ್ನಿ" ಅಂದರು. ಡಾಕ್ಟರಮ್ಮ ಹೇಳಿದ್ದೂ ನೆನಪಿತ್ತು, ಒತ್ತಾಯ ಮಾಡಲಿಲ್ಲ. ಮಗ ಮೇಲಿನ ತನಕ ಹತ್ತಿದ. ನಾನು ಮೆಟ್ಟಿಲಲ್ಲಿ ನಾಲ್ಕು ಕಡೆ ಕೂತೆ.

ಸಂಜೆ ಐದಕ್ಕೆ ವಾಪಸ್ ಬಂದರೆ ಮನೆ ಮುಂದೆ ಅತ್ತೆ ಮತ್ತು ಆ ಮನೆಯ ಅಜ್ಜಿ ಒಂದೇ ಚಾಪೆ ಮೇಲೆ ಕೂತಿದ್ದರು. ಅತ್ತೆಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ಅಜ್ಜಿಗೆ ಜೊಂಗ್ಖಾ ಬಿಟ್ಟು ಬೇರೆ ಬರಲ್ಲ. ನಡುವೆ ಬಿದಿರಿನ ಸಣ್ಣ ಬುಟ್ಟಿ, ಅದರ ತುಂಬ ಎಲೆ. ಅಜ್ಜಿ ಅಡಿಕೆ ಹೋಳು ಮಾಡುತ್ತಿದ್ದರು. ಅತ್ತೆ ಎಲೆಯ ತೊಟ್ಟು ಮುರಿದು, ಬೆನ್ನು ಒರೆಸಿ, ಸುಣ್ಣ ಹಚ್ಚಿ ನಮ್ಮ ಕಡೆ ಮಡಿಸುವ ಹಾಗೆ ಮಡಿಸಿ ಕೊಟ್ಟರು. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಾವು ಮಡಿಸುವುದನ್ನು ತೋರಿಸಿದರು. ಇಬ್ಬರ ಬಾಯಿಯೂ ಕೆಂಪಗಿತ್ತು. ಅತ್ತೆಯ ಹಣೆಯಲ್ಲಿ ಬೆವರು.

ಕೊಪ್ಪದ ಅಣ್ಣ, ನೀವು ಕೇಳಿದ್ದನ್ನು ಮನೆಯ ಮಗನ ಹತ್ತಿರ ವಿಚಾರಿಸಿದೆ. ಅವರ ಮನೆಗೆ ಬರುವ ಅಡಿಕೆ ದಕ್ಷಿಣದ ಸಾಮ್ತ್ಸೆ ಜಿಲ್ಲೆ ಕಡೆಯದಂತೆ. ಅಲ್ಲಿ ಅವರ ನೆಂಟರ ತೋಟ ಇದೆ. ಆನೆ ಬಂದು ಮರ ಮುರಿದು ಹಾಕುತ್ತದೆ, ಕೊಯ್ಯುವವರು ಸಿಗುತ್ತಿಲ್ಲ, ಹುಡುಗರೆಲ್ಲ ಆಸ್ಟ್ರೇಲಿಯಾಕ್ಕೆ ಹೋಗಿದ್ದಾರೆ ಅಂದರು. ಒಂದು ಹಸಿ ಅಡಿಕೆ ನಿಮಗೆ ತೋರಿಸೋಣ ಅಂತ ಕೇಳಿದ್ದೆ. ಆಮೇಲೆ ಗಿಡದ ರೋಗ ದಾಟಿಸಿದ ಹಾಗಾದೀತು ಅಂತ ಹೆದರಿ ಅಲ್ಲೇ ಬಿಟ್ಟು ಫೋಟೋ ಮಾತ್ರ ತಂದೆ. ಕಳಿಸುತ್ತೇನೆ.

ಹೊರಡುವಾಗ ಅತ್ತೆ ತಮ್ಮ ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ಆ ಅಜ್ಜಿಗೆ ಕೊಟ್ಟರು. ಮದುವೆಯಲ್ಲಿ ಬಂದದ್ದು ಅದು. ಅಜ್ಜಿ ಒಳಗೆ ಹೋಗಿ ಎರಡು ಸೇರಿನಷ್ಟು ಕೆಂಪಕ್ಕಿ ಬಟ್ಟೆಯಲ್ಲಿ ಕಟ್ಟಿ ತಂದುಕೊಟ್ಟರು. ಮೊನ್ನೆ ಭಾನುವಾರ ಅದರ ಅನ್ನ ಮಾಡಿದ್ದೆವು, ಮೆಣಸಿನಕಾಯಿ ಚೀಸ್ ಮಾಡಲು ಬರಲಿಲ್ಲ, ಹುಳಿ ಜೊತೆ ತಿಂದೆವು. ದೇವರಾಜ ಮಾರುಕಟ್ಟೆಗೆ ಹೋಗಿ ಹೊಸ ಡಬ್ಬಿ ತಂದಿದ್ದೇನೆ. ಅತ್ತೆ ಅದರ ಮುಚ್ಚಳ ಸಡಿಲ ಅನ್ನುತ್ತಿದ್ದಾರೆ.